ಹತ್ತು ಚಿತ್ರ ಹಿಂದೆ

ಆರೂ ಐವತ್ತಕ್ಕೆ ಬರಬೇಕಾಗಿದ್ದ ಕಾರ್ವಿನ್ ಬೆಬ್ ಏಳೂ ಹತ್ತಾದರೂ ಬಂದಿರಲಿಲ್ಲ. ರಗ್ಬಿ ಕ್ಲಬ್ಬಿನ ಹಿಂದಿನ ಖಾಲಿ ಜಾಗದಲ್ಲಿ ತನ್ನ ಕಾರಿಗೆ ಒರಗಿ ನಿಂತಿದ್ದ ಹೆವಿನ್ ಪ್ರೋಸರ್, ಅವನು ಬಾರದಿದ್ದರೇ ಒಳ್ಳೆಯದು ಎಂದುಕೊಂಡ. ಅಂದುಕೊಂಡ ಮರುಕ್ಷಣವೇ, ಬಾರದಿರುವುದಕ್ಕೆ ಇರಬಹುದಾದ ಒಂದೇ ಕಾರಣ ಹೊಳೆದು ಕುತ್ತಿಗೆ ಬಿಸಿಯಾಯಿತು. ಆರು ವರ್ಷಗಳಿಂದ ಇಬ್ಬರೂ ಹೊರಡುವುದು ಇಲ್ಲಿಂದಲೇ. ಒಂದು ವಾರ ಇವನ ಕಾರು, ಒಂದು ವಾರ ಅವನದು. ವೆಲ್ಶ್ ಕಣಿವೆಗಳ ನೆತ್ತಿಯ ರಸ್ತೆ ಹಿಡಿದು, ಗಡಿ ದಾಟಿ, ಇಂಗ್ಲೆಂಡಿನ ಆರ್ಲ್‌ಫರ್ಡ್ ಸೇರಲು ಅರವತ್ತೊಂದು ಮೈಲಿ. ಆರ್ಲ್‌ಫರ್ಡ್ ಟೌನ್ ನಾಲ್ಕನೆಯ ದರ್ಜೆಯ ಫುಟ್‌ಬಾಲ್ ತಂಡ. ಅದರ ರಕ್ಷಣಾ ಸಾಲಿನ ನಟ್ಟನಡುವೆ ಆಡುವ ಇಬ್ಬರು ಇವರು. ಹೆವಿನ್‌ಗೆ ಮೂವತ್ತನಾಲ್ಕು, ಕಾರ್ವಿನ್‌ಗೆ ಮೂವತ್ತಮೂರು. ಮುಂದಿನ ವರ್ಷಕ್ಕೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಜಾಗ ಎಂದು ಮ್ಯಾನೇಜರ್ ಗ್ರೇಲಿಂಗ್ ಮಾರ್ಚಿನಲ್ಲೇ ಪತ್ರಿಕೆಯವರಿಗೆ ಹೇಳಿಯಾಗಿತ್ತು. ಆ ಒಬ್ಬ ಯಾರೆಂದು ಗೊತ್ತಾಗುವ ಸೋಮವಾರ ಇವತ್ತು.

ಕಾರು ಬಂತು. ಕಾರ್ವಿನ್ ಕಿಟಕಿ ಇಳಿಸಿ, "ಏನ್ ಹಾಗೆ ನೋಡ್ತೀಯ ಕ್ಯಾಪ್ಟನ್, ಹೆಣ ನೋಡಿದೋರ ಥರ? ಟೈರ್‌ಗೆ ಗಾಳಿ ಇರ್ಲಿಲ್ಲ ಕಣೋ, ಹತ್ತು," ಅಂದ. ಧ್ವನಿ ಎಂದಿನಂತೇ ಇತ್ತು. ಎಂದಿನಂತಿತ್ತೇ? ಹೆವಿನ್ ಬೆಲ್ಟ್ ಹಾಕಿಕೊಳ್ಳುತ್ತ ಅದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಕೇಳಿಸಿಕೊಂಡ. ಟೈರ್ ಎಂಬಲ್ಲಿ ಒಂದು ಚೂರು ಹೆಚ್ಚು ಒತ್ತು ಬಿದ್ದಿರಬಹುದು. ಹೆಂಡತಿ ನೆರಿಸ್ ಕಟ್ಟಿಕೊಟ್ಟಿದ್ದ ವೆಲ್ಶ್ ಕೇಕಿನ ಪೊಟ್ಟಣವನ್ನು ನಡುವೆ ಇಟ್ಟ. ಕಾರ್ವಿನ್ ಒಂದನ್ನು ಬಾಯಿಗೆ ಹಾಕಿಕೊಂಡು, "ನಿನ್ ಹೆಂಡ್ತಿ ಗ್ರೇಲಿಂಗ್‌ಗೂ ನಾಲ್ಕು ಕಳಿಸಿದ್ರೆ ಇಬ್ರನ್ನೂ ಇಟ್ಕೋತಿದ್ದ," ಎಂದು ನಕ್ಕ. ಹೆವಿನ್ ಕೂಡ ನಕ್ಕ. ನಗು ಒಂದು ಕ್ಷಣ ತಡವಾಗಿ ಬಂತು. ತಡವಾಗಿ ಬಂದದ್ದು ಅವನಿಗೆ ಗೊತ್ತಾಯಿತು, ಕಾರ್ವಿನ್‌ಗೂ ಗೊತ್ತಾಯಿತೆಂದು ಅನ್ನಿಸಿತು. ಆಮೇಲೆ ಮಂಜಿನಲ್ಲಿ ಕುರಿಗಳು ರಸ್ತೆಗೆ ಅಡ್ಡ ಬಂದಲ್ಲಿ ನಿಂತಾಗಲೂ ಇಬ್ಬರೂ ಮಾತಾಡಲಿಲ್ಲ. ಬೇರೆ ದಿನವಾಗಿದ್ದರೆ ಆ ಕುರಿಗಳಿಗೆ ಕಾರ್ವಿನ್ ಒಂದೊಂದು ಇಂಗ್ಲಿಷ್ ಊರಿನ ಹೆಸರಿಡುತ್ತಿದ್ದ. ಇಂಗ್ಲೆಂಡಿನ ಯಾವ ಮೈದಾನಕ್ಕೆ ಹೋದರೂ ಇವರಿಬ್ಬರು ಚೆಂಡು ಮುಟ್ಟಿದ ಕೂಡಲೇ, ವೆಲ್ಶರೆಂದರೆ ಕುರಿ ಕಾಯುವವರೆಂದು ಹಂಗಿಸಿ, ಪ್ರೇಕ್ಷಕರು ಬ್ಯಾ ಬ್ಯಾ ಎಂದು ಕೂಗುವುದಕ್ಕೆ ಅದು ಅವನ ಸೇಡು.

ಮೊನ್ನೆ ಶನಿವಾರ ಆಟದ ಋತುವಿನ ಕೊನೆಯ ಪಂದ್ಯ. ಸಮ ಮಾಡಿಕೊಂಡಿದ್ದರೆ ಏಳನೆಯ ಸ್ಥಾನ, ಮೇಲಿನ ದರ್ಜೆಗೆ ಏರುವ ನಾಲ್ಕು ತಂಡಗಳ ಸ್ಪರ್ಧೆಯಲ್ಲಿ ಒಂದು ಪಾಲು. ಎಂಬತ್ತಾರನೆಯ ನಿಮಿಷದವರೆಗೆ ಗೋಲಿರಲಿಲ್ಲ. ಚೆಂಡು ನಡುಗೆರೆಯತ್ತ ಹೋದದ್ದನ್ನು ನೋಡಿ ಹೆವಿನ್ "ಮೇಲೆ!" ಎಂದು ಕೂಗಿದ. ಕೂಗುವುದು ಅವನ ಕೆಲಸ. ಹದಿನೈದು ವರ್ಷಗಳಿಂದ ಅವನು ಕೂಗುತ್ತಾನೆ, ಹಿಂದಿನ ನಾಲ್ವರೂ ಒಂದೇ ದೇಹದಂತೆ ಮುಂದೆ ನುಗ್ಗುತ್ತಾರೆ, ಗೋಲಿಗೆ ಕಾದ ಎದುರಾಳಿಯ ಮುಂದಾಳು ಗೆರೆಯಾಚೆ ಒಬ್ಬಂಟಿಯಾಗಿ ಸಿಕ್ಕಿಬೀಳುತ್ತಾನೆ, ಆಫ್‌ಸೈಡ್ ಎಂದು ಬಾವುಟ ಏರುತ್ತದೆ. ನಾಲ್ವರಲ್ಲಿ ಒಬ್ಬ ಹಿಂದುಳಿದರೂ ಈ ಬಲೆ ಹರಿಯಿತು. ಶನಿವಾರ ಮೂವರು ಬಂದರು. ಕೂಗಿದವನು ಬರಲಿಲ್ಲ. ನೋವಿರಲಿಲ್ಲ, ಕಾಲು ಜಾರಿರಲಿಲ್ಲ. ಪಕ್ಕದಲ್ಲಿದ್ದ ಮುಂದಾಳಿನ ಹೆಗಲು ಕಂಡಿತು, ಅವನ ಎಳೆಯ ತೊಡೆ ಕಂಡಿತು, ನಾನು ಮುಂದೆ ಹೋಗಿ ಇವನು ಹಿಂದೆ ಹೋದರೆ ತಿರುಗಿ ಎಂದೂ ಹಿಡಿಯಲಾರೆ ಎಂಬ ಒಂದು ಅಂಜಿಕೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿಯಿತು. ಬಳಿಕ ಬಂದ. ಬಂದು, ಅಭ್ಯಾಸಬಲದಿಂದ, ಬಲಗೈ ಎತ್ತಿ ಗೆರೆಯ ಬಾವುಟದವನತ್ತ ತಿರುಗಿದ. ಅಷ್ಟರಲ್ಲಿ ಕಾರ್ವಿನ್ ಏನೋ ತಿಳಿದವನಂತೆ ಹಿಂದೆ ತಿರುಗಿ ಓಡುತ್ತಿದ್ದ. ಓಡಿ, ಜಾರಿ, ಬೂಟಿನ ತುದಿ ಚೆಂಡಿಗೆ ತಾಕದೆ ನೆಲದಲ್ಲಿ ಬಿದ್ದ. ಭಾನುವಾರದ ಪತ್ರಿಕೆಯಲ್ಲಿ ಮೂರು ಕಾಲಂ ಅಗಲದ ಚಿತ್ರ: ಬಲೆಯೊಳಗೆ ಚೆಂಡು, ಮಣ್ಣಿನಲ್ಲಿ ಕಾರ್ವಿನ್, ಹಿಂದೆ ಕೈ ಎತ್ತಿ ನಿಂತ ನಿರಪರಾಧಿ ಕ್ಯಾಪ್ಟನ್.

ಹೆವಿನ್‌ನ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಶನಿವಾರ ಮಧ್ಯಾಹ್ನ ಕಣಿವೆಯ ಲೀಗಿನಲ್ಲಿ ಗೆರೆಯ ಬಾವುಟ ಹಿಡಿಯುತ್ತಿದ್ದ. ಹೆವಿನ್‌ಗೆ ಹದಿನೈದಾಗಿದ್ದಾಗ, ದೊಡ್ಡ ನಗರದ ಕ್ಲಬ್ಬೊಂದರಿಂದ ಆಟಗಾರರನ್ನು ಹುಡುಕುವವನು ಬಂದು ನೋಡುತ್ತಿದ್ದ ಪಂದ್ಯದಲ್ಲಿ, ಇವನು ತಲೆಯಿಂದ ಹೊಡೆದ ಗೋಲಿಗೆ ಅಪ್ಪನೇ ಬಾವುಟ ಎತ್ತಿದ. ಮನೆಗೆ ಬಂದ ಮೇಲೆ ಅಮ್ಮ ತಟ್ಟೆ ಕುಕ್ಕಿ, "ನಿಂಗೆ ಇವತ್ತೊಂದಿನ ಕಣ್ಣು ಮಂಜಾಗಿದ್ರೆ ಏನ್ ಗಂಟು ಹೋಗ್ತಿತ್ತು?" ಎಂದಳು. ಅಪ್ಪ ಆಲೂಗಡ್ಡೆಗೆ ಉಪ್ಪು ಹಾಕಿಕೊಳ್ಳುತ್ತ, "ಮೊಣಕಾಲು ಆಚೆ ಇತ್ತು," ಅಂದ. ಅಷ್ಟೇ. ಆ ಕ್ಲಬ್ಬು ಹೇಗೂ ಇವನನ್ನು ಸೇರಿಸಿಕೊಂಡಿತು; ಹದಿನೆಂಟಕ್ಕೆ ಎರಡು ವಾಕ್ಯದ ಪತ್ರ ಕೊಟ್ಟು ಕಳಿಸಿತು. ಆಮೇಲೆ ಎರಡು ವರ್ಷ ಹಗಲು ಕಾರ್ಪೆಟ್ ಗೋದಾಮು, ವಾರಾಂತ್ಯ ವೆಲ್ಶ್ ಲೀಗು. ಆಮೇಲೆ ನಾಲ್ಕು ಕ್ಲಬ್ಬು, ನಾನೂರ ಮೂವತ್ತೇಳು ಪಂದ್ಯ, ಒಂಬತ್ತು ಗೋಲು, ಮೂರು ಸ್ವಂತ ಬಲೆಗೆ, ಐದು ಕೆಂಪು ಕಾರ್ಡು, ಮೂರು ಸಲ ಮುರಿದ ಮೂಗು. ಒಮ್ಮೆ ದೇಶದ ತಂಡದ ಬದಲಿಗಳ ಪಟ್ಟಿಯಲ್ಲಿ ಹೆಸರು ಬಂದು, ಹೊಸ ಸೂಟು ಹೊಲಿಸಿಕೊಂಡು, ನಾಲ್ಕು ದಿನ ಫೋನಿನ ಪಕ್ಕ ಕೂತಿದ್ದ. ಆ ಸೂಟು ಅಪ್ಪನ ಅಂತ್ಯಕ್ರಿಯೆಗೆ ಉಪಯೋಗಕ್ಕೆ ಬಂತು. ಇವೆಲ್ಲ ಸಣ್ಣ ಸಂಗತಿಗಳು. ಆದರೆ ಫುಟ್‌ಬಾಲ್ ಇಲ್ಲದ ಒಂದು ಬೆಳಗ್ಗೆ ಹೇಗಿರುತ್ತದೆ ಎಂದು ಯೋಚಿಸಿದರೆ ಅವನಿಗೆ ಕಾಣುತ್ತಿದ್ದದ್ದು ಗೋದಾಮಿನಲ್ಲಿ ಸುತ್ತಿ ನಿಲ್ಲಿಸಿದ ಕಾರ್ಪೆಟ್ಟುಗಳ ಸಾಲು ಮಾತ್ರ.

"ಗಡಿ ಬಂತು," ಅಂದ ಕಾರ್ವಿನ್. ಬೇರೇನನ್ನೋ ಹೇಳಲು ಬಾಯಿ ತೆರೆದು ಅದನ್ನು ಹೇಳಿದಂತಿತ್ತು. ಹೆವಿನ್, "ಹೂಂ," ಅಂದ. ಹೇಳಿಬಿಡಬಹುದಿತ್ತು. ಇನ್ನು ಹದಿನೆಂಟು ಮೈಲಿ ಇತ್ತು. ಕಾರು ಪೆಟ್ರೋಲ್ ಬಂಕಿನ ವೃತ್ತ ದಾಟಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ದಾಟಿತು. ಸೇತುವೆ ಬರಲಿ ಎಂದುಕೊಂಡ.

ಋತು ಮುಗಿದ ಮೇಲೆ ವೀಡಿಯೊ ತೋರಿಸುವ ಮ್ಯಾನೇಜರ್ ಈ ದರ್ಜೆಯಲ್ಲಿ ಇನ್ನೊಬ್ಬನಿರಲಿಲ್ಲ. ಗ್ರೇಲಿಂಗ್ ತೋರಿಸಿದ. ಇಪ್ಪತ್ತೆರಡು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಅರ್ಧ ಜನ ಆಗಲೇ ರಜೆಯ ಚಪ್ಪಲಿಯಲ್ಲಿ. ಹಿಂದೆ ಲ್ಯಾಪ್‌ಟಾಪಿನ ಮುಂದೆ ಬೆಥನ್. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಈಗ ಛಾವಣಿಯ ಕ್ಯಾಮೆರಾ ನೋಡಿಕೊಂಡು ಆಟವನ್ನು ಚಿತ್ರ ಚಿತ್ರವಾಗಿ ಬಿಡಿಸುವುದು ಅವಳ ಕೆಲಸ. ಚೆಂಡು ಮುಂದಾಳಿನತ್ತ ಹಾರುತ್ತಿದ್ದ ಹೊತ್ತಿಗೆ ಗ್ರೇಲಿಂಗ್ "ನಿಲ್ಸು" ಅಂದ. ಗೋಡೆಯ ಮೇಲೆ ಹಸಿರು ನಿಂತಿತು. ಮೂವರು ಒಂದೇ ಗೆರೆಯಲ್ಲಿ. ಅವರಲ್ಲಿ ಒಬ್ಬ ಹೆವಿನ್, ಕೈ ಆಗಷ್ಟೇ ಏರುತ್ತಿದೆ. ಎರಡು ಗಜ ಹಿಂದೆ, ಬೆನ್ನು ತಿರುಗಿಸಿಕೊಂಡು, ಕಾರ್ವಿನ್. ಮುಂದಾಳಿಗೂ ಗೋಲಿಗೂ ನಡುವೆ ಅವನೊಬ್ಬನೇ. ನೋಡಿದವರಿಗೆ ಸಂಶಯವೇ ಉಳಿಯದಷ್ಟು ಸ್ಪಷ್ಟವಾಗಿ, ಬಲೆ ಹರಿದವನು ಅವನು.

"ಯಾರಿಂದ ಹೋಯ್ತು ಇದು?" ಗ್ರೇಲಿಂಗ್ ಪೆಪ್ಪರ್‌ಮಿಂಟನ್ನು ದವಡೆಯ ಇನ್ನೊಂದು ಬದಿಗೆ ದೂಡಿದ. "ಒಂಬತ್ತು ತಿಂಗಳ ಬೆವರು. ಯಾರಿಂದ?"

ಹೆವಿನ್ ಗೋಡೆಯ ಮೇಲಿನ ತನ್ನನ್ನೇ ನೋಡುತ್ತಿದ್ದ. ಇದಲ್ಲ, ಇದಕ್ಕೂ ಸ್ವಲ್ಪ ಮೊದಲು, ಎಂದು ಅವನ ಇಡೀ ದೇಹ ಹೇಳುತ್ತಿತ್ತು. ಗೋಡೆಯ ಮೇಲಿನ ಹೆವಿನ್ ಮಾತ್ರ ಎಷ್ಟು ಸರಿಯಾದ ಜಾಗದಲ್ಲಿ ನಿಂತಿದ್ದನೆಂದರೆ, ಒಂದು ಗಳಿಗೆ ಅವನೇ ನಿಜ, ಕುರ್ಚಿಯಲ್ಲಿ ಕೂತವನದು ಬರೀ ಜ್ವರದ ಕನಸು ಎನ್ನಿಸಿತು.

"ಕ್ಯಾಪ್ಟನ್. ನೀನ್ ಹೇಳು. ನೀನು ತಾನೇ ಕೂಗಿದ್ದು."

"ಚಿತ್ರದಲ್ಲಿ ಕಾಣ್ತಿದೆಯಲ್ಲ, ಬಾಸ್," ಅಂದ ಹೆವಿನ್.

ಅದು ಸುಳ್ಳಲ್ಲ. ಒಂದೊಂದು ಪದವೂ ನಿಜ. ಎರಡು ಸಾಲು ಮುಂದೆ ಕೂತಿದ್ದ ಕಾರ್ವಿನ್ ತಿರುಗಿ ನೋಡಲಿಲ್ಲ. ಅವನ ಕುತ್ತಿಗೆಯ ಹಿಂದೆ ಕ್ಷೌರದವನು ಬಿಟ್ಟ ಒಂದು ಸಣ್ಣ ಗಾಯವಿತ್ತು. ಹೆವಿನ್ ಅದನ್ನೇ ನೋಡಿದ. ಕೊನೆಗೆ ಕಾರ್ವಿನ್, "ಚಿತ್ರದಲ್ಲಿ ನಾನಿದೀನಿ," ಅಂದ. ಗೋಲ್‌ಕೀಪರ್ ನಾಲಿಗೆಯಿಂದ ಲೊಚಗುಟ್ಟಿದ. ಯಾರೋ ಹಿಂದಿನಿಂದ, "ಕುರಿ ಕಾಯೋಕೆ ಓಡಿದ್ದ ಬಿಡಿ," ಎಂದರು, ನಾಲ್ಕು ಜನ ನಕ್ಕರು, ಗ್ರೇಲಿಂಗ್ ದೀಪ ಹಾಕಿಸಿದ.

ಆಮೇಲೆ ಒಬ್ಬೊಬ್ಬರನ್ನೇ ಕರೆಯುವುದು, ಅಕ್ಷರಮಾಲೆಯ ಪ್ರಕಾರ. ಆಟಗಾರರಿಗೆ ಇದರ ಲೆಕ್ಕ ಗೊತ್ತು: ಉಳಿಸಿಕೊಳ್ಳುವವರಿಗೆ ಒಂದೂವರೆ ನಿಮಿಷ, ಕಳಿಸುವವರಿಗೆ ನಾಲ್ಕು. ಕಳಿಸುವಾಗ ಮನೆಯವರನ್ನೆಲ್ಲ ವಿಚಾರಿಸಬೇಕಲ್ಲ. ಪಟ್ಟಿಯಲ್ಲಿ ಕಾರ್ವಿನ್ ಬೆಬ್ ಎರಡನೆಯವನು. ಹೆವಿನ್ ಬಟ್ಟೆ ಬದಲಿಸುವ ಕೋಣೆಯಲ್ಲಿ ತನ್ನ ಕಪಾಟು ಖಾಲಿ ಮಾಡುವವನಂತೆ ನಟಿಸುತ್ತ ಗೋಡೆ ಗಡಿಯಾರ ನೋಡಿದ. ಎರಡು ನಿಮಿಷ ಆಯಿತು. ಮೂರು. ಬಾಗಿಲು ತೆರೆದಾಗ ನಾಲ್ಕೂವರೆ. ಕಾರ್ವಿನ್ ಕಸದ ಕಪ್ಪು ಚೀಲವೊಂದನ್ನು ಸುರುಳಿಯಿಂದ ಹರಿದುಕೊಂಡು, ತನ್ನ ಕಪಾಟಿನಿಂದ ಮೊಣಕಾಲಿನ ಪಟ್ಟಿ, ಶಾಂಪೂ, ಒಂಟಿ ಕಾಲ್ಚೀಲಗಳನ್ನು ಅದಕ್ಕೆ ತುಂಬತೊಡಗಿದ. "ನಮ್ಮಮ್ಮ ಹುಷಾರಾಗಿದಾಳಾ ಅಂತ ಕೇಳ್ದ," ಎಂದ. "ಎರಡು ವರ್ಷ ಆಯ್ತು ಸತ್ತು." ಯಾರೂ ನಗಲಿಲ್ಲ. ಪಕ್ಕದಲ್ಲಿದ್ದವನೊಬ್ಬ ಅವನ ಹೆಗಲು ತಟ್ಟಿದ, ಆದರೆ ಸ್ವಲ್ಪ ಅವಸರದಲ್ಲಿ. ತಮ್ಮ ಶನಿವಾರದ ಬೋನಸ್ಸು, ವೆಂಬ್ಲಿಯ ಫೈನಲ್ಲಿನ ಕನಸು ಎಲ್ಲ ಹಾಳುಮಾಡಿದವನ ಹೆಗಲನ್ನು ತಟ್ಟುವ ಹಾಗೆ.

ತನ್ನ ಸರದಿ ಬಂದಾಗ ಹೆವಿನ್ ಮನಸ್ಸಿನಲ್ಲಿ ವಾಕ್ಯ ಕಟ್ಟಿಕೊಂಡೇ ಒಳಗೆ ಹೋದ. ಬಾಸ್, ಒಂದು ವಿಷಯ. ಗ್ರೇಲಿಂಗ್ ಕಾಗದದಿಂದ ತಲೆ ಎತ್ತದೆ, "ಒಂದು ವರ್ಷ. ಕ್ಯಾಪ್ಟನ್ ನೀನೇ. ಜೂನ್ ಇಪ್ಪತ್ತೆಂಟಕ್ಕೆ ಬಾ, ಹೊಟ್ಟೆ ಬಿಟ್ಕೊಂಡು ಬರ್ಬೇಡ," ಅಂದ. ಹೆವಿನ್‌ನ ಬಾಯಿ ತನ್ನಷ್ಟಕ್ಕೆ, "ಥ್ಯಾಂಕ್ಸ್ ಬಾಸ್," ಅಂದಿತು. ಹೊರಗೆ ಬಂದಾಗ ಒಂದೂಕಾಲು ನಿಮಿಷವಾಗಿತ್ತು. ಮೊದಲು ಬಂದದ್ದು ಹಗುರ. ಕಾರ್ಪೆಟ್ಟಿನ ಸಾಲು ಕಣ್ಣೆದುರಿನಿಂದ ಸರಿದುಹೋದ ಹಗುರ. ನೆರಿಸ್‌ಗೆ ಫೋನು ಮಾಡಬೇಕು ಎಂಬ ಆತುರ. ಆ ಹಗುರವನ್ನು ನೆನೆದು ಆಮೇಲೆ ಅವನಿಗೆ ಆದಷ್ಟು ನಾಚಿಕೆ ಬೇರೆ ಯಾವುದಕ್ಕೂ ಆಗಲಿಲ್ಲ.

ಹೆವಿನ್ ಕಪಾಟಿನ ಸಾಮಾನನ್ನು ಕಾರಿನ ಹಿಂಭಾಗಕ್ಕೆ ಹಾಕಿ, ಕಾರ್ವಿನ್ ಮೈದಾನ ನೋಡಿಕೊಳ್ಳುವವನಿಗೆ ವಿದಾಯ ಹೇಳಿ ಬರುವುದನ್ನು ಕಾಯುತ್ತ ನಿಂತಿದ್ದಾಗ, ಬೆಥನ್ ಸಿಗರೇಟು ಸೇದಲು ಹೊರಬಂದಳು. ಅವಳು ಅಭಿನಂದನೆ ಹೇಳಲಿಲ್ಲ.

"ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಬರತ್ತೆ, ಗೊತ್ತಾ ನಿಂಗೆ?" ಅಂದಳು. "ಹತ್ತು ಚಿತ್ರ ಹಿಂದೆ ಹೋದ್ರೆ, ಕಾರ್ವಿನ್ ಮುಂದಿದಾನೆ. ನೀನು ಹಿಂದಿದೀಯ. ಚೆಂಡು ಕಾಲಿಂದ ಬಿಟ್ಟಿದ್ದು ಆಗಲೇ."

ಹೆವಿನ್ ಕಾರಿನ ಹಿಂಬಾಗಿಲು ಮುಚ್ಚಿದ.

"ನಾನು ಅಲ್ಲೇ ನಿಲ್ಸಿದ್ದೆ, ನಿನ್ನೆ. ಸಾಹೇಬ್ರು ಮುಂದೆ ಹೋಗು ಅಂದ್ರು. ಹೋದೆ. ನಂಗೂ ಮನೆ ಸಾಲ ಇದೆ ಮಾರಾಯ." ಅವಳು ಬೂದಿ ಕೊಡವಿದಳು. "ನೀನೇ ಹೇಳ್ತೀಯ ಅಂದ್ಕೊಂಡಿದ್ದೆ."

ಅವನು ಒಳಗೆ ಹೋದ. ಹೇಳಬೇಕೆಂದು ಹೋಗುತ್ತಿದ್ದಾನೋ, ಬೆಥನ್‌ಗೆ ಗೊತ್ತಿದೆ ಎಂದು ಹೆದರಿ ಹೋಗುತ್ತಿದ್ದಾನೋ ಎಂದು ಓಣಿಯ ಉದ್ದಕ್ಕೂ ತನ್ನನ್ನೇ ಕೇಳಿಕೊಂಡ. ಬಾಗಿಲು ಬಂದರೂ ಉತ್ತರ ಬಂದಿರಲಿಲ್ಲ. ಗ್ರೇಲಿಂಗ್ ಫೋನಿನಲ್ಲಿದ್ದವನು ಹುಬ್ಬೆತ್ತಿದ.

"ಶನಿವಾರದ್ದು ನನ್ನ ತಪ್ಪು," ಅಂದ ಹೆವಿನ್. "ಕೂಗಿದೆ, ಬರ್ಲಿಲ್ಲ. ಕಾರ್ವಿನ್ ಅದನ್ನ ಸರಿ ಮಾಡೋಕೆ ಓಡಿದ್ದು."

ಗ್ರೇಲಿಂಗ್ ಫೋನನ್ನು ಎದೆಗೆ ಒತ್ತಿ ಹಿಡಿದು, ದಣಿದ ಮುಖದಲ್ಲಿ ಅವನನ್ನು ನೋಡಿದ. "ಗೊತ್ತು."

"ಗೊತ್ತಾ?"

"ನಾನೇನ್ ಕುರುಡನಾ? ಚಿತ್ರ ನೋಡಿ ನಿನ್ನ ಆರಿಸ್ಲಿಲ್ಲಪ್ಪ. ನಿನ್ನ ಆರಿಸಿದ ಮೇಲೆ ಚಿತ್ರ ಆರಿಸ್ದೆ. ಬೆಬ್ ಒಳ್ಳೆ ಆಟಗಾರ, ಪ್ರತಿಯೊಂದಕ್ಕೂ ಯಾಕೆ ಅಂತಾನೆ. ನೀನು ಅನ್ನಲ್ಲ. ಇವತ್ತೂ ಅನ್ಲಿಲ್ಲ." ಫೋನನ್ನು ಕಿವಿಗೆ ಹಿಡಿಯುತ್ತ, "ಬಾಗಿಲು ಹಾಕ್ಕೊಂಡ್ ಹೋಗು," ಅಂದ.

ಕಾರ್ವಿನ್ ಸ್ಟೀರಿಂಗಿನ ಮುಂದೆ ಕೂತು ಕಾಯುತ್ತಿದ್ದ. "ಏನ್ ಮರ್ತಿದ್ದೆ?" ಎಂದು ಕೇಳಿದ. ಹೆವಿನ್, "ಬೂಟು," ಅಂದ. ಅಂದ ಮೇಲೆ ಇಬ್ಬರೂ ಅವನ ಖಾಲಿ ಕೈಗಳನ್ನು ನೋಡಿದರು. ಕಾರ್ವಿನ್ ಕೀಲಿ ತಿರುಗಿಸಿದ. ಆರ್ಲ್‌ಫರ್ಡಿನ ಮಾರುಕಟ್ಟೆ, ಸೇತುವೆ, ಪೆಟ್ರೋಲ್ ಬಂಕಿನ ವೃತ್ತ ಉಲ್ಟಾ ಕ್ರಮದಲ್ಲಿ ಹಾದುಹೋದವು. ಒಪ್ಪಿಕೊಂಡಾಯಿತು, ಎಂದು ಹೆವಿನ್ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಒಪ್ಪಿಕೊಂಡದ್ದು ಯಾರಿಗೆ? ಅದರಿಂದ ಏನೂ ಆಗಬೇಕಿಲ್ಲದ ಮನುಷ್ಯನಿಗೆ. ಬಾಯಲ್ಲಿ ಸುಳ್ಳು ಹೇಳಿದ್ದಕ್ಕಿಂತ ಕೆಟ್ಟ ರುಚಿಯೊಂದು ಉಳಿದಿತ್ತು.

ಗಡಿಯ ಫಲಕ ದಾಟಿದ ಮೇಲೆ, "ಕಾರ್ವಿನ್," ಅಂದ. "ಶನಿವಾರ ನಾನು ಕೂಗ್ದೆ. ಬರ್ಲಿಲ್ಲ."

"ಗೊತ್ತು." ಕಾರ್ವಿನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಆರು ವರ್ಷ ಪಕ್ಕದಲ್ಲಿ ಆಡಿದೀನಿ. ನೀನ್ ಕೂಗಿದ ಮೇಲೆ ನಿನ್ ಹೆಜ್ಜೆ ಸದ್ದು ಬರತ್ತೆ. ಬರ್ಲಿಲ್ಲ. ಅದಕ್ಕೇ ತಿರುಗಿ ಓಡಿದ್ದು."

"ಮತ್ತೆ ಮೀಟಿಂಗಲ್ಲಿ ಯಾಕೆ…"

"ನಾನ್ ಹೇಳಿದ್ರೆ ಅದು ದೂರು ಆಗತ್ತೆ. ನೀನ್ ಹೇಳಿದ್ರೆ ನಿಜ ಆಗತ್ತೆ. ಬೆಳಿಗ್ಗೆ ಅರವತ್ತೊಂದು ಮೈಲಿ ಕಾದೆ ಕಣೋ. ಬೇಕಂತ್ಲೇ ನಿಧಾನಕ್ಕೆ ಓಡಿಸ್ದೆ."

"ಗ್ರೇಲಿಂಗ್‌ಗೆ ಹೇಳಿ ಬಂದೆ. ಈಗ. ಅವನಿಗೂ ಗೊತ್ತಿತ್ತಂತೆ."

ಕಾರ್ವಿನ್ ನಕ್ಕ, ಮೂಗಿನಿಂದ. "ಗ್ರೇಲಿಂಗ್ ಕಟ್ಕೊಂಡು ನಂಗೇನಾಗ್ಬೇಕು? ಆ ಕೋಣೇಲಿ ಇದ್ರಲ್ಲ, ಅವರಲ್ಲಿ ಹತ್ತು ಜನ ಆಗಸ್ಟಿಗೆ ಹತ್ತು ಊರಲ್ಲಿರ್ತಾರೆ. ಅಲ್ಲಿನ ಮ್ಯಾನೇಜರ್ ಕೇಳ್ತಾನೆ, ಬೆಬ್ ಹೆಂಗಪ್ಪಾ ಅಂತ. ಅವರೇನಂತಾರೆ? 'ಅವನಾ? ಅವನಿಂದ್ಲೇ ಹೋಗಿದ್ದು.' ಮುಗೀತು. ನಂಗೆ ಫೋನ್ ಬರಲ್ಲ. ಯಾಕೆ ಬರ್ಲಿಲ್ಲ ಅಂತಾನೂ ಗೊತ್ತಾಗಲ್ಲ."

ಅವನು ಅದನ್ನು ಸಿಟ್ಟಿಲ್ಲದೆ, ಹವಾಮಾನ ಹೇಳುವಂತೆ ಹೇಳಿದ. ಮುಂದೆ ಲಾರಿಯೊಂದು ಏರಿನಲ್ಲಿ ತೆವಳುತ್ತಿತ್ತು. ಹೆವಿನ್ ಫೋನು ತೆಗೆದು ತಂಡದ ವಾಟ್ಸಾಪ್ ಗುಂಪು ತೆರೆದ. ಇದ್ದ ಇಪ್ಪತ್ತೆರಡು ಜನರಲ್ಲಿ ಏಳು ಮಂದಿ ಆಗಲೇ ಹೊರಬಿದ್ದಿದ್ದರು. ಕೆಲಸ ಹೋದವರು ಅದೇ ದಿನ ಗುಂಪು ಬಿಡುವುದು ಮರ್ಯಾದೆ. ಕಾರ್ವಿನ್ ಬೆಬ್ ಗುಂಪು ತೊರೆದದ್ದು ಹನ್ನೊಂದೂ ಐವತ್ತೆರಡಕ್ಕೆ. ಹೆವಿನ್‌ನ ಹೆಬ್ಬೆರಳುಗಳು ಬರೆದವು, ಅಳಿಸಿದವು, ಮತ್ತೆ ಬರೆದವು. ಕಳಿಸಿದರೆ ಜೂನ್ ಇಪ್ಪತ್ತೆಂಟಕ್ಕೆ ಆ ಕೋಣೆಗೆ ಹೇಗೆ ಹೋಗುವುದು? ಇನ್ನೊಮ್ಮೆ "ಮೇಲೆ!" ಎಂದು ಕೂಗಿದರೆ ಯಾರು ಬರುತ್ತಾರೆ? ಎಲ್ಲರೂ ಮೊದಲು ಇವನ ಕಾಲು ನೋಡುತ್ತಾರೆ.

"ಗುಂಪಿಗೆ ಕಳಿಸ್ತಿದೀನಿ," ಅಂದ. "ಇರೋರು ಬಿಟ್ಟೋರಿಗೂ ಹೇಳ್ತಾರೆ."

"ಏನಂತ?"

ಹೆವಿನ್ ಓದಿದ. "ಶನಿವಾರದ ಗೋಲು. ನಾನು ಕೂಗಿದೆ, ಬಹುಶಃ ನಾನೇ ಬರಲಿಲ್ಲ. ಕಾರ್ವಿನ್ ನನ್ನ ತಪ್ಪು ಮುಚ್ಚೋಕೆ ಓಡಿದ್ದು. ಮೀಟಿಂಗ್‌ನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಹೆವಿನ್."

ಕಾರ್ವಿನ್ ಲಾರಿಯನ್ನು ಹಿಂದೆ ಹಾಕಲು ಕನ್ನಡಿ ನೋಡಿದ, ಬೇಡವೆಂದು ಮತ್ತೆ ಅದರ ಹಿಂದೆಯೇ ಉಳಿದ.

"ಬಹುಶಃ ಯಾಕೆ?" ಅಂದ.

ಹೆವಿನ್ ಆ ಪದವನ್ನು ಹುಡುಕಿ ಅಳಿಸಿದ. ಒಂದೊಂದೇ ಅಕ್ಷರ ಹೋಯಿತು. ಕಳಿಸುವ ಗುಂಡಿ ಒತ್ತಿ, ಫೋನನ್ನು ಮುಖ ಕೆಳಗೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡ. ಒಂದು ಮೈಲಿ ಏನೂ ಆಗಲಿಲ್ಲ. ಆಮೇಲೆ ಅದು ಒಮ್ಮೆ ನಡುಗಿತು; ಸ್ವಲ್ಪ ಬಿಟ್ಟು ಇನ್ನೊಮ್ಮೆ; ಆಮೇಲೆ ಬಿಡದೆ. ಅವನು ಅದನ್ನು ತಿರುಗಿಸಲಿಲ್ಲ. ಕಾರ್ವಿನ್ ಏನು ಬಂತೆಂದು ಕೇಳಲಿಲ್ಲ. ಏರು ಮುಗಿಯುವ ತನಕ ತೊಡೆಯ ಮೇಲಿನ ಆ ನಡುಕ ಇಬ್ಬರಿಗೂ ಕೇಳಿಸುತ್ತಿತ್ತು.